ಕಿವಿ ಮುಚ್ಚಿಕೊಂಡು ನಡೆದವನು

ಈ ಕಥೆಯನ್ನು ಮೊದಲು ಹೇಳಿದವಳು ಫಾರೈ ಊರಿನ ಉಣ್ಣೆ ಹಿಂಜುವ ಮುದುಕಿ ಮಿರ್ತಾಲೆ. ನದಿಯ ಮರದ ಸೇತುವೆ ಕೊಚ್ಚಿಹೋದ ವರ್ಷ, ದ್ರಾಕ್ಷಿ ತುಳಿದು ಮುಗಿದ ಮೇಲಿನ ಒಂದು ಸಂಜೆ.

ಮೇಕೆ ಕಾಯುವ ಫಿಲಾಗ್ರೊಸ್ ಸಂತೆಚೌಕದ ಹರ್ಮೀಸನ ದೀಪಕ್ಕೆ ಎಣ್ಣೆ ಎರೆದು, ಕಲ್ಲುದೇವರ ಕಿವಿಗೆ ಬಾಯಿಟ್ಟು ಕೇಳಿದ: "ಅಪ್ಪಾ, ನಾ-ನಾಳೆ ಸಭೇಲಿ ಮಾತಾಡ್ಲಾ, ಸು-ಸುಮ್ಮನಿರ್ಲಾ?" ಗುಡ್ಡದ ಮೇಲೆ ಊರಿಗೆಲ್ಲ ಸೇರಿದ ನೀರಿನ ಬುಗ್ಗೆಯೊಂದಿತ್ತು. ಅದಕ್ಕೆ ಬೇಲಿ ಹಾಕಿ ತನ್ನದಾಗಿಸಿಕೊಳ್ಳಲು ಕಾಲಿಪ್ಪೊಸ್ ಎಂಬ ಸಿರಿವಂತ ಹೊರಟಿದ್ದ. ಸಭೆಯಲ್ಲಿ ಅವನ ನಾಲಿಗೆಗೆ ಎದುರು ನಿಲ್ಲುವವರಿರಲಿಲ್ಲ. ಬುಗ್ಗೆ ಹೋದರೆ ಫಿಲಾಗ್ರೊಸನ ಮೇಕೆಗಳೂ ಹೋದಂತೆ. ಆದರೆ ಅವನಿಗೆ ಹುಟ್ಟಿನಿಂದ ತೊದಲು.

ಆ ದೇವರ ಕಟ್ಟಳೆ ಹೀಗೆ: ಪ್ರಶ್ನೆ ಕೇಳಿದವನು ಎರಡೂ ಕಿವಿ ಮುಚ್ಚಿಕೊಂಡು ಚೌಕ ದಾಟಬೇಕು. ಆಚೆ ಕೈ ತೆಗೆದಾಗ ಕಿವಿಗೆ ಬಿದ್ದ ಮೊದಲ ಮಾತೇ ದೇವರ ಉತ್ತರ. ಫಿಲಾಗ್ರೊಸ್ ದಾಟಿದ. ಎದುರಿಗೆ ಕಾಲಿಪ್ಪೊಸ್ ಕಾದು ನಿಂತಿದ್ದ. ದನಿ ಕೇಳಿಸದಿದ್ದರೂ ತುಟಿ ನೋಡಿದರೆ ತಿಳಿಯುತ್ತಿತ್ತು: "ಸುಮ್ಮನಿರೋ, ತೊದಲ! ಸುಮ್ಮನಿರು!"

ಇದು ಮೊದಲು ಕಿವಿಗೆ ಬಿದ್ದರೆ ಎಲ್ಲವೂ ಮುಗಿದ ಹಾಗೆ. ಫಿಲಾಗ್ರೊಸ್ ಅಂಗೈಗಳನ್ನು ಇನ್ನಷ್ಟು ಒತ್ತಿಕೊಂಡು ನಡೆದ. ಕಾಲಿಪ್ಪೊಸ್ ಬೆನ್ನು ಬಿಡಲಿಲ್ಲ. ಕುಂಬಾರರ ಬೀದಿ, ಎಣ್ಣೆಗಾಣಗಳ ಬೀದಿ, ಆಲಿವ್ ತೋಪು. ಮುಂದೆ ಕಿವಿ ಮುಚ್ಚಿಕೊಂಡವನು, ಹಿಂದೆ ಅರಚುವವನು. ಜನ ಬಾಗಿಲಿಗೆ ಬಂದು ನಕ್ಕರು.

"ಏನಪ್ಪಾ ಕಾಲಿಪ್ಪೊಸ್, ಮೇಕೆ ತಪ್ಪಿಸ್ಕೊಂಡ್ತಾ?"

ಗುಡ್ಡ ಹತ್ತಿ ಬುಗ್ಗೆಯ ಬಳಿ ಫಿಲಾಗ್ರೊಸ್ ತಿರುಗಿ ನೋಡಿದ. ಕಾಲಿಪ್ಪೊಸನ ಬಾಯಿ ಅಗಲವಾಗಿ ತೆರೆದಿತ್ತು, ಕತ್ತಿನ ನರ ಉಬ್ಬಿತ್ತು. ಆದರೂ ನೀರು ತುಂಬುತ್ತಿದ್ದ ಹೆಂಗಸರಲ್ಲಿ ಒಬ್ಬಳೂ ತಲೆಯೆತ್ತಲಿಲ್ಲ. ಅವನ ದನಿಯೇ ಬಿದ್ದುಹೋಗಿತ್ತು. ಫಿಲಾಗ್ರೊಸ್ ಮೆಲ್ಲನೆ ಕೈ ಇಳಿಸಿದ.

"ಅವಸರ ಯಾಕೆ ತಾಯಿ?" ಎನ್ನುತ್ತಿದ್ದಳು ಒಬ್ಬಳು ಇನ್ನೊಬ್ಬಳಿಗೆ. "ನಿನ್ನ ಕೊಡ ತುಂಬೋವರೆಗೂ ನಾವು ಕಾಯ್ತೀವಿ."

ಮರುದಿನ ಸಭೆಯಲ್ಲಿ ಕಾಲಿಪ್ಪೊಸ್ ಎದ್ದು ನಿಂತಾಗ ಒಣ ಸೋರೆಬುರುಡೆ ಕೆರೆದಂಥ ಸದ್ದು ಬಂತು, ಅಷ್ಟೇ. ಅವನು ಕುಳಿತ. ಫಿಲಾಗ್ರೊಸ್ ಎದ್ದ. "ಬು... ಬುಗ್ಗೆ..." ಎಂದು ನಿಂತ. ಕಾಯುತ್ತಾರೆ ಎಂದು ದೇವರೇ ಹೇಳಿದ್ದನಲ್ಲ, ಅವನು ಅವಸರಪಡಲಿಲ್ಲ. ಆ ನೀರು ಕುಡಿದವರೆಲ್ಲ ನಿಜವಾಗಿಯೂ ಕಾದರು. ಬಿಸಿಲು ಬೆನ್ನು ಸುಡುವ ಹೊತ್ತಿಗೆ ಅವನ ಮಾತು ಮುಗಿಯಿತು, ಒಪ್ಪಿಗೆಯ ಕೈಗಳು ಮೇಲೆದ್ದವು, ಬುಗ್ಗೆ ಊರಿಗೇ ಉಳಿಯಿತು.

ಫಿಲಾಗ್ರೊಸ್ ಒಂದು ಹೋತ ಬಲಿಕೊಟ್ಟು, ಪದ್ಧತಿಯಂತೆ ಅದರ ನಾಲಿಗೆಯನ್ನು ಹರ್ಮೀಸನ ಹೆಸರಲ್ಲಿ ಬೆಂಕಿಗಿಟ್ಟ. ಆಮೇಲೆ ಒಂದು ಕುಡಿಕೆ ಜೇನುತುಪ್ಪ ಹಿಡಿದು ಕಾಲಿಪ್ಪೊಸನ ಬಾಗಿಲು ತಟ್ಟಿದ.

"ಅಣಕಿಸೋಕೆ ಬಂದ್ಯಾ?" ಎಂದಿತು ಒಳಗಿನ ಪಿಸುದನಿ.

"ಇಲ್ಲಣ್ಣ, ಗಂ-ಗಂಟಲಿಗೆ ಒಳ್ಳೇದು, ತಗೋ. ನನ್ನ ಪಾಡಿಗೆ ಬಿಟ್ಟಿದ್ರೆ ಚೌಕದ ಹತ್ರಾನೇ ಕೈ ತೆಗೀತಿದ್ದೆ. ದೇವರ ಮಾ-ಮಾತು ಇದ್ದಲ್ಲಿಗೆ ನನ್ನನ್ನ ಹೊಡ್ಕೊಂಡು ಹೋದೋನು ನೀನೇ."

ಕಾಲಿಪ್ಪೊಸ್ ಬಾಗಿಲು ತೆರೆದ. ಕುಡಿಕೆಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡ.

ಮಿರ್ತಾಲೆ ಇಲ್ಲಿಗೆ ನಿಲ್ಲಿಸಿದಳು. ಕೇಳುತ್ತಿದ್ದವರು ಮಡಿಲಿಗಂಟಿದ ಉಣ್ಣೆ ಕೊಡವಿ ಎದ್ದು, ಒಬ್ಬೊಬ್ಬರಾಗಿ ಮನೆಗೆ ಹೊರಟರು.