ಏಳು ಪ್ಲಗ್ ಪಾಯಿಂಟು

ಲ್ಯಾಪ್‌ಟಾಪ್ ಇದ್ದಕ್ಕಿದ್ದಂತೆ ಕಪ್ಪಾಯಿತು. ಕೆಂಪರಾಜುವಿನ ಮೊಣಕೈ ತಾಗಿ ವೈರು ಕಳಚಿಕೊಂಡಿತ್ತು.

"ಅಯ್ಯೋ, ಕೊಂಡ್ಕಳಾಕ್ ಮುಂಚೇನೇ ಸತ್ತೋಯ್ತಲ್ಲಪ್ಪ!"

"ಸತ್ತಿಲ್ಲ ಅಣ್ಣ, ಬ್ಯಾಟ್ರಿ ಹೋಗದೆ ಅಷ್ಟೆ," ಎಂದು ಅಂಗಡಿಯ ರಘುನಂದನ್ ವೈರನ್ನು ಮತ್ತೆ ಸಿಕ್ಕಿಸಿದ. "ಕಂಪನಿ ಮಾಲು. ಎಂಟು ವರ್ಷ ಆಫೀಸಲ್ಲಿ ದುಡಿದದೆ. ಇನ್ನೂ ನಾಕು ವರ್ಷ ದುಡೀತದೆ."

ಮಂಡ್ಯದ ಆ ಅಂಗಡಿಯಲ್ಲಿ ಎಲ್ಲವೂ ಹಳೆಯವೇ. ಕೆಂಪರಾಜು ಲ್ಯಾಪ್‌ಟಾಪನ್ನು ಎತ್ತಿ ಅಡಿಯಲ್ಲಿದ್ದ ಬೆಳ್ಳಿ ಬಣ್ಣದ ಚೀಟಿ ನೋಡಿದ. "ಇದೇನಪ್ಪ, ಇನ್ಸೂರೆನ್ಸ್ ಮಾಡ್ಸಿದ ಹಸುಗೆ ಕಿವಿ ಓಲೆ ಹಾಕ್ದಂಗೆ ನಂಬರು?" ಆಮೇಲೆ ಕೀಲಿಗಳ ಮೇಲೆ ಬೆರಳಾಡಿಸಿ ಹೆಂಡತಿಯ ಕಡೆ ತಿರುಗಿದ. "ಹಲ್ಲೂ ಸವೆದವೆ ಕಣೆ ನಾಗು. ವಯಸ್ಸಾಗದೆ ಇದಕ್ಕೆ."

"ನಂಗೂ ಆಗದೆ," ಎಂದಳು ನಾಗರತ್ನ.

ಅವಳದು ತಮಾಷೆಯಲ್ಲ. ಹದಿನೆಂಟು ವರ್ಷದಿಂದ ಅಂಗನವಾಡಿ ಟೀಚರು. ಮೇಲ್ವಿಚಾರಕಿಯಾಗುವ ಪರೀಕ್ಷೆಯಲ್ಲಿ ಹೋದ ಸಲ ಮೂರು ಅಂಕಕ್ಕೆ ಜಾರಿದ್ದಳು. ಕಂಪ್ಯೂಟರ್ ಮುಂದೆ ಕೂತು ಬರೆಯಬೇಕಾದ ಪರೀಕ್ಷೆ ಅದು. ಇನ್ನು ಎರಡು ತಿಂಗಳಿಗೆ ಮತ್ತೆ ಇದೆ. ಅದಾದ ಮೇಲೆ ಅವಳ ವಯಸ್ಸು ಮೀರುತ್ತದೆ.

ರಘುನಂದನ್ ಸಣ್ಣ ಸ್ಕ್ರೂಡ್ರೈವರ್ ಕೈಗೆತ್ತಿಕೊಂಡ. "ಅಕ್ಕ, ನೀವು ಹೇಳಿರೋ ದುಡ್ಡಿಗೆ ಎರಡರಲ್ಲಿ ಒಂದು ಮಾಡ್ಕೊಡ್ತೀನಿ. ರ‍್ಯಾಮ್ ಜಾಸ್ತಿ ಮಾಡುದ್ರೆ ಕುದುರೆ ಓಡ್ದಂಗೆ ಓಡ್ತದೆ. ಇಲ್ಲಾಂದ್ರೆ ಹೊಸ ಬ್ಯಾಟ್ರಿ. ನನ್ನ ಕೇಳುದ್ರೆ ರ‍್ಯಾಮೇ ಹಾಕ್ಸಿ. ಮನೇಲಿ ತಾನೆ ಬಳಸೋದು? ವೈರು ಚುಚ್ಚಿಟ್ರೆ ಆಯ್ತು."

"ಅದೇ ಮತ್ತೆ! ಬ್ಯಾಟ್ರಿ ಯಾಕೆ ದಂಡಕ್ಕೆ?" ಎಂದ ಕೆಂಪರಾಜು. "ಮನೆ ಕಟ್ಟೋವಾಗ ವೈರಿಂಗ್ ಮಾಡೋ ಚಿಕ್ಕಬೋರಯ್ಯ ಮೂರು ಪ್ಲಗ್ ಸಾಕು ಅಂದ. ನಾನು ಬುಡ್ನಿಲ್ಲ. ಏಳು ಹಾಕ್ಸಿವ್ನಿ, ಏಳು! ನಮ್ಮೂರಲ್ಲಿ ಇನ್ಯಾರ ಮನೇಲದೆ ತೋರ್ಸು."

ಏಳೂ ಪ್ಲಗ್ಗುಗಳು ನಾಗರತ್ನಳ ಕಣ್ಣ ಮುಂದೆ ಬಂದವು. ನಡುಮನೆಯಲ್ಲಿ ಟಿವಿಯ ಅಕ್ಕಪಕ್ಕ ಎರಡು, ಅಲ್ಲಿ ಕೂತರೆ ಬಂದವರಿಗೆಲ್ಲ ಕಾಫಿ ತರುವವಳು ಅವಳೇ. ಅಡುಗೆಮನೆಯ ಎರಡರಲ್ಲಿ ಒಂದು ಫ್ರಿಜ್ಜಿನದು. ಇನ್ನೊಂದು ಮಿಕ್ಸಿಯದು, ಅದರ ಮುಂದೆ ಕೂತು ಓದಿದ ದಿನ ಸಾರು ಸೀದಿತ್ತು. ರೂಮಿನದರಲ್ಲಿ ಸದಾ ಕೆಂಪರಾಜುವಿನ ಫೋನು ನೇತಾಡುತ್ತಿರುತ್ತದೆ. ಮಗಳ ರೂಮಿನದು ಮಗಳದು. ಉಳಿದದ್ದು ಅತ್ತೆಯ ಮಂಚದ ತಲೆದೆಸೆಯಲ್ಲಿದೆ. ಹೋದ ವರ್ಷ ಯಾರದೋ ಲ್ಯಾಪ್‌ಟಾಪ್ ತಂದು ಅಲ್ಲಿ ಚುಚ್ಚಿದ್ದಳು. ಅದರದೂ ಬ್ಯಾಟರಿ ಸತ್ತಿತ್ತು. "ಕರೆಂಟು ಸುಮ್ನೆ ಉರೀತದೆ ಕಣವ್ವ," ಎಂದು ಅತ್ತೆ ಸ್ವಿಚ್ಚು ಆರಿಸಿದರು. ಅರ್ಧ ಬರೆದಿದ್ದ ಮಾದರಿ ಪರೀಕ್ಷೆ ಅಷ್ಟಕ್ಕೇ ಹೋಯಿತು. ಹಾಗೆ ಎಷ್ಟು ಸಲವೋ.

ಯಾರೂ ಓದಬೇಡ ಅಂದಿರಲಿಲ್ಲ. ಅಂದಿದ್ದರೆ ಅವಳಿಗೆ ಉತ್ತರ ಕೊಡಲು ಬರುತ್ತಿತ್ತು. ಅವರು ಕರೆಯುತ್ತಿದ್ದರು, ಅಷ್ಟೆ. ಕಣ್ಣಿಗೆ ಕಂಡವಳನ್ನು ಕರೆಯದೆ ಇರುವುದು ಹೇಗೆ?

"ಬ್ಯಾಟ್ರಿನೇ ಹಾಕಪ್ಪ," ಎಂದಳು.

"ನಿಧಾನ ಆಯ್ತದಂತೆ ಕಣೆ!"

"ಆಗ್ಲಿ. ನಾನೇನು ಕುದುರೆನಾ?"

ರಘುನಂದನ್ ಕೆಂಪರಾಜುವಿನ ಮುಖ ನೋಡಿದ. ಕೆಂಪರಾಜು ಕೈ ಚೆಲ್ಲಿದ. ಲ್ಯಾಪ್‌ಟಾಪ್ ಬೋರಲಾಯಿತು, ಹನ್ನೊಂದು ಸ್ಕ್ರೂ ಬಿಚ್ಚಿಕೊಂಡವು. ಹೊಟ್ಟೆ ಉಬ್ಬಿದ ಹಳೆಯ ಬ್ಯಾಟರಿ ಹೊರಬಂದು ಅದರ ಜಾಗದಲ್ಲಿ ಹೊಸದು ಕೂತಿತು. ಒಂದಿಷ್ಟು ಹೊತ್ತು ಚಾರ್ಜಿಗಿಟ್ಟು ಅವನು ಪರದೆಯನ್ನು ಅವಳ ಕಡೆ ತಿರುಗಿಸಿದ.

"ಈಗ ನೀವೇ ಕೀಳಿ ಅಕ್ಕ."

ನಾಗರತ್ನ ವೈರು ಕಿತ್ತಳು. ಪರದೆ ಆರಲಿಲ್ಲ. ವೈರಿನ ತುದಿಯನ್ನು ಕೈಯಲ್ಲೇ ಹಿಡಿದು ಅವಳು ಸ್ವಲ್ಪ ಹೊತ್ತು ಆ ಬೆಳಕನ್ನೇ ನೋಡಿದಳು.

"ಎಷ್ಟೊತ್ತು ಬತ್ತದೆ?"

"ಮೂರು ಗಂಟೆಗೆ ಮೋಸ ಇಲ್ಲ."

ಮೂರು ಗಂಟೆ ಯಾರೂ ತನ್ನನ್ನು ಕರೆಯದೆ ಇದ್ದದ್ದು ಯಾವಾಗ ಎಂದು ಅವಳು ನೆನೆಸಿಕೊಂಡಳು. ನೆನಪಾಗಲಿಲ್ಲ.

ಬೈಕು ಮದ್ದೂರಿನ ಕಡೆ ಹೊರಟಿತು. ಲ್ಯಾಪ್‌ಟಾಪ್ ಚೀಲವನ್ನು ನಾಗರತ್ನ ತನ್ನ ಹೊಟ್ಟೆಗೂ ಗಂಡನ ಬೆನ್ನಿಗೂ ನಡುವೆ ಇಟ್ಟುಕೊಂಡಿದ್ದಳು. ಗೆಜ್ಜಲಗೆರೆ ದಾಟುವಾಗ ಕೆಂಪರಾಜು ಕತ್ತು ವಾರೆ ಮಾಡಿ ಕೇಳಿದ.

"ಅಲ್ಲ ಕಣೆ, ಅಷ್ಟೊಂದು ಪ್ಲಗ್ ಬುಟ್ಟು ಇನ್ನೆಲ್ಲಿ ಕೂತ್ಕಂಡು ಓದೀಯೆ?"

"ತಾರಸಿ ಮೇಲೆ. ನೀರಿನ ಟ್ಯಾಂಕಿನ ಹಿಂದ್ಗಡೆ. ಸಂಜೆ ಅಲ್ಲಿ ನೆರಳಿರ್ತದೆ."

ಶಿವಪುರ ಬರುತ್ತಿದ್ದಂತೆ ಅವನು ಬೈಕಿನ ವೇಗ ತಗ್ಗಿಸಿದ. ಗಂಭೀರವಾಗಿ ಏನೋ ಯೋಚಿಸುತ್ತಿದ್ದಾನೆಂದು ಅವನ ಬೆನ್ನೇ ಹೇಳುತ್ತಿತ್ತು. ಸಿಟ್ಟು ಬಂತೇನೋ ಎಂದುಕೊಂಡಳು. ಆದರೆ ಅವನು ಮಾತಾಡಿದಾಗ ದನಿಯಲ್ಲಿ ಇದ್ದದ್ದು ಮರುಕ.

"ನೋಡು, ಅದೊಂದು ನಂಗೆ ಹೊಳೀನೇ ಇಲ್ಲ. ನಾಳೆನೇ ಚಿಕ್ಕಬೋರಯ್ಯನ್ನ ಕರ್ಸಿ ಟ್ಯಾಂಕಿನ ಹಿಂದ್ಗಡೇನೂ ಒಂದು ಪ್ಲಗ್ ಹಾಕ್ಸಿಬುಡ್ತೀನಿ ತಗ. ಒಂದು ಫ್ಯಾನೂ ಮಡಗನ. ನೀನೊಬ್ಳೇ ಯಾಕೆ, ಅವ್ವನೂ ಬಂದು ತಂಪಾಗಿ ಕೂತ್ಕತದೆ."

"ಬ್ಯಾಡ!" ಎಂದು ಕೂಗಿದಳು ನಾಗರತ್ನ. ಪಕ್ಕದಲ್ಲಿ ಹೋಗುತ್ತಿದ್ದ ಹಾಲಿನ ಕ್ಯಾನಿನ ಬೈಕಿನವನು ತನಗೇ ಹೇಳಿದರೆಂದುಕೊಂಡು ಗಕ್ಕನೆ ಬ್ರೇಕ್ ಹಾಕಿದ.