ಐದು ಮಿಲಿ

ಮಟಮಟ ಮಧ್ಯಾಹ್ನ ಕಸ್ತೂರೆವ್ವ ಔಷಧದ ಅಂಗಡಿಗೆ ಬಂದು ಖಾಲಿ ಬಾಟ್ಲಿಯನ್ನು ಮೇಜಿನ ಮೇಲೆ ಕುಕ್ಕಿದಳು. ಮಗನ ಕೆಮ್ಮಿಗೆಂದು ಅವಳು ಯಾವಾಗಲೂ ಒಯ್ಯುತ್ತಿದ್ದ ಔಷಧ ಅದು.

"ಬಾಟ್ಲಿ ಸಣ್ಣದು ಮಾಡೀರೇನ್ರಿ? ಮೊದಲ ವಾರಗಟ್ಲೆ ಬರತಿತ್ತು. ಈಗ ಮೊನ್ನೆ ಒಯ್ದದ್ದು ನಿನ್ನೆ ಖಾಲಿ."

"ಬಾಟ್ಲಿನೂ ಅದ, ಔಷಧನೂ ಅದ ಐತಿ, ತಂಗಿ," ಎಂದು ಅಂಗಡಿಯ ಅಡಿವೆಪ್ಪ ನಕ್ಕ. "ಮ್ಯಾಲಿನ ಚೀಟಿ ಅಷ್ಟ ಬದಲಾಗೇತಿ. ಚಮಚದ ಲೆಕ್ಕ ತಗದು ಮಿಲಿ ಲೆಕ್ಕ ಹಾಕ್ಯಾರ."

"ಲೆಕ್ಕ ಯಾಕ ಬದಲಿ ಮಾಡ್ತಾರ? ನಮ್ಮಂಥವರಿಗೆ ತಿಳೀಬಾರದಂತ!"

ಅಡಿವೆಪ್ಪ ಒಳಗಿನಿಂದ ಹಳೆಯ ಬಾಟ್ಲಿಯೊಂದನ್ನು ತಂದು, ಅದರ ತುಂಬ ನೀರು ಹಿಡಿದು, ಅವಳ ಬಾಟ್ಲಿಗೆ ಸುರಿದು ತೋರಿಸಿದ. ಒಂದು ಹನಿಯೂ ಉಳಿಯಲಿಲ್ಲ, ಚೆಲ್ಲಲೂ ಇಲ್ಲ.

ಅವಳ ಮುಖದ ಬಿಗುವು ಸಡಿಲವಾಗಲಿಲ್ಲ. "ಹಂಗಾದ್ರ ಒಳಗ ಕಡಿಮಿ ತುಂಬ್ಯಾರ. ಯಾರನ್ನ ನಂಬಬೇಕು ಹೇಳ್ರಿ."

"ಒಂದು ಸರ್ತಿಗೆ ಎಷ್ಟು ಕುಡಸ್ತಿ?"

"ಎಷ್ಟಂತ ಬರದಾರೋ ಅಷ್ಟು. ಮೊದಲ ಒಂದಂತ ಇತ್ತು, ಒಂದು ಚಮಚ ಹಾಕತಿದ್ದೆ. ಈಗ ಐದಂತ ಐತಿ, ಐದು ಹಾಕತೀನಿ."

ಅಡಿವೆಪ್ಪ ಚೀಟಿ ನೋಡಿದ. ಐದು ಮಿಲಿ ಎಂದಿತ್ತು. ಒಂದೇ ಚಮಚದ ಅಳತೆ.

"ಹುಡುಗ ಎಲ್ಲಿದಾನವಾ?"

ಕಸ್ತೂರೆವ್ವ ಮೊದಲ ಸಲ ಮೆತ್ತಗಾದಳು. "ಮನ್ಯಾಗ. ಔಷಧಕ್ಕ ಹೆಸರಿಡಾಂಗಿಲ್ರಿ, ಕೆಮ್ಮು ಪೂರಾ ನಿಂತೈತಿ. ನಿನ್ನೆ ಸಂಜಿಕ ಮಲಗಿದಾಂವ ಇನ್ನೂ ಎದ್ದಿಲ್ಲ."