ಕೀಲಿನ ಜಗಳ

ಮಡಚುವ ಫೋನಿನ ಕೀಲು ಯಾರದ್ದು ಅಂತ ಎರಡು ಕಂಪನಿಗಳು ಎಲುಬಿನ ತುಂಡಿಗೆ ನಾಯಿಗಳು ಕಚ್ಚಾಡಿದಂತೆ ಕೋರ್ಟಿನಲ್ಲಿ ಕಚ್ಚಾಡುತ್ತಿದ್ದವು. ಪೇಟೆಂಟ್ ನಮ್ಮದು ಅಂತ ಇವರು, ಕದ್ದವರೇ ನೀವು ಅಂತ ಅವರು. ಪಾಳಿ ಶುರುವಾಗುವ ಮುಂಚೆ ಕೆಲಸದವರನ್ನು ಸಾಲಾಗಿ ನಿಲ್ಲಿಸಿ, ಎದುರಿನವರು ಕಳ್ಳರು ಅಂತ ಕೂಗಿಸುವುದೂ ನಡೆದಿತ್ತು.

ಆ ಕೀಲನ್ನು ಕೂರಿಸಿ ಕೂರಿಸಿ ಬೆರಳು ಮರಗಟ್ಟಿದ್ದ ನಾಗವೇಣಿಯನ್ನು ಅವಳ ಕಂಪನಿ ಕೆಲಸದಿಂದ ಕಿತ್ತುಹಾಕಿತು. ಮನೆಯಲ್ಲಿ ಒಲೆ ಉರಿಯಬೇಕಲ್ಲ? ರಸ್ತೆ ದಾಟಿ ನೇರ ಎದುರು ಕಂಪನಿಗೆ ಹೋದಳು. ಹಳೇ ಕಂಪನಿಗೆ ಆಗದವರು ತನಗಾದರೂ ಆದಾರು ಎಂಬ ಧೈರ್ಯ.

ಮ್ಯಾನೇಜರು ಹಲ್ಲು ಕಿರಿದು ಕುರ್ಚಿ ತೋರಿಸಿದ, ಟೀ ತರಿಸಿದ.

"ಆ ಕಳ್ಳ ನನ್ಮಕ್ಕಳ ಹತ್ರ ಹೆಂಗಮ್ಮಾ ಇಷ್ಟು ದಿನ ಇದ್ದೆ?"

"ಹೊಟ್ಟೆಪಾಡು ಸಾರ್. ಅಲ್ಲಿ ನಿಮ್ಮನ್ನೂ ಹಂಗೇ ಬೈತಾರೆ."

ಅವನು ಹೊಟ್ಟೆ ಕುಲುಕಿಸಿ ನಕ್ಕ. "ಬೈಲಿ, ಬೈಲಿ! ಸುಪ್ರೀಂ ಕೋರ್ಟಿಗೇ ಎಳೀತೀವಿ. ಅವರ ನೆರಳು ಕಂಡ್ರೂ ನಮಗಾಗಲ್ಲ. ನಿನ್ನಂಥ ಪಳಗಿದ ಕೈ ಬೇಕಮ್ಮಾ, ನಾಳೆನೇ ಬಾ. ಅದಿರ್ಲಿ, ಯಾಕೆ ತೆಗೆದ್ರು?"

"ಬಾತ್‌ರೂಮಿಗೆ ಹೋಗೋಕೂ ಬಿಡ್ತಿರಲಿಲ್ಲ ಸಾರ್. ಹುಡುಗೀರೆಲ್ಲ ಸೇರಿ ಸಂಘ ಕಟ್ಟಿದ್ವಿ. ಮುಂದೆ ನಿಂತೋಳು ನಾನೇ."

ನಗು ಅಲ್ಲಿಗೇ ನಿಂತಿತು. ಅವಳ ಮುಂದಿದ್ದ ಟೀ ಲೋಟವನ್ನು ತನ್ನ ಕಡೆ ಎಳೆದುಕೊಂಡು, ಅವನು ಎದುರು ಕಂಪನಿಯ ಮ್ಯಾನೇಜರಿಗೆ ಫೋನ್ ಹಚ್ಚಿದ.

"ಅಣ್ಣಾ, ನಿಮ್ಮ ಸಂಘದೋಳು ಇಲ್ಲಿ ಬಂದವಳೆ, ಓಡಿಸ್ತಾ ಇದೀನಿ. ನಮ್ಮೋರು ಯಾರಾದ್ರೂ ಹಿಂಗೇ ಅಲ್ಲಿಗೆ ಬಂದ್ರೆ, ನೀವೂ ನಂಗೊಂದು ಮಾತು ಹೇಳ್ಬಿಡಿ."